"ಇನ್ನೊಂದು ಬೆಕ್ಕು ತಂದ್ರ ಆತಲ್ಲ?"

ನಮ್ಮ ಬೆಕ್ಕು ಕರೆವ್ವ ತೀರಿಹೋದ ಮೇಲೆ ಧಾರವಾಡದಲ್ಲಿ ಸಿಕ್ಕವರೆಲ್ಲ ನನ್ನನ್ನು ಕೇಳುವುದು ಇದನ್ನೇ. "ಅಷ್ಟ್ಯಾಕ ಮನಸಿಗೆ ಹಚ್ಚಿಕೋತೀರಿ? ಇನ್ನೊಂದು ಬೆಕ್ಕು ತಂದ್ರ ಆತಲ್ಲ?" ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಲೆ ಆರಿಸುವಾಗ ಕೇಳುತ್ತಾರೆ, ಮದುವೆ ಊಟದ ಸಾಲಿನಲ್ಲಿ ಕೂತಾಗಲೂ ಕೇಳುತ್ತಾರೆ. ಯಾರೂ ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ನನ್ನ ಮುಖ ನೋಡಲಾರದೇ ಕೇಳುತ್ತಾರೆ. ಅದಕ್ಕೇ ಸರಿಯಾಗಿ ಉತ್ತರ ಕೊಡಬೇಕು ಅನಿಸಿದೆ.

ಕರೆವ್ವ ನಮ್ಮ ಮಾಳಮಡ್ಡಿ ಮನೆಯ ಕರಿ ಬೆಕ್ಕು. ಬಿಸಿಲಿಗೆ ಕೂತರೆ ಮೈಬಣ್ಣ ಬೆಲ್ಲದ ಹಾಗೆ ಕಾಣುತ್ತಿತ್ತು. ವಯಸ್ಸಾದ ಮೇಲೆ ಕಿಡ್ನಿ ಕೆಟ್ಟಿತು. ಮುದಿ ಬೆಕ್ಕುಗಳಲ್ಲಿ ಇದು ತುಂಬಾ ಸಾಮಾನ್ಯ. ಕಷ್ಟ ಏನೆಂದರೆ, ಕಿಡ್ನಿಯ ಮೂರರಲ್ಲಿ ಎರಡು ಪಾಲು ಕೆಲಸ ನಿಲ್ಲುವ ತನಕ ಹೊರಗೆ ಏನೂ ಕಾಣಿಸುವುದಿಲ್ಲ. ಮೊದಲು ಕಾಣುವುದು ಬಾಯಾರಿಕೆ. ಕೆಟ್ಟ ಕಿಡ್ನಿಗೆ ನೀರನ್ನು ಹಿಡಿದಿಡಲು ಆಗುವುದಿಲ್ಲ. ಜಾಸ್ತಿ ಉಚ್ಚೆ ಹೋಗುತ್ತದೆ, ಅದಕ್ಕೆ ಜಾಸ್ತಿ ಕುಡಿಯುತ್ತದೆ. ಬೆಕ್ಕು ಮೂಲತಃ ಮರುಭೂಮಿ ಕಡೆಯ ಪ್ರಾಣಿ, ನೀರು ಕುಡಿಯುವುದೇ ಕಡಿಮೆ. ಅಂಥದ್ದು ಬಕೆಟ್ಟಿನ ಮುಂದೆ ಹೋಗಿ ಹೋಗಿ ಕೂರಲು ಶುರು ಮಾಡಿದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ವಾಸಿಯಾಗುವ ಕಾಯಿಲೆ ಅಲ್ಲ ಇದು. ಡಾಕ್ಟರು ಮನೆಯಲ್ಲೇ ಸಲೈನ್ ಕೊಡುವುದನ್ನು ಹೇಳಿಕೊಟ್ಟರು. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಉಗುರುಬೆಚ್ಚಗೆ ಮಾಡಬೇಕು. ಹೆಗಲ ನಡುವಿನ ಸಡಿಲ ಚರ್ಮವನ್ನು ಎತ್ತಿ ಹಿಡಿದು, ಆ ಮಡಿಕೆಯಲ್ಲಿ ಸೂಜಿ ಹಾಕಬೇಕು. ನೀರು ಇಳಿದಂತೆ ಅಲ್ಲಿ ಒಂದು ಗುಬುಟು ಏಳುತ್ತದೆ. ಆಮೇಲೆ ಅದು ನಿಧಾನಕ್ಕೆ ಜಾರಿ ಮುಂಗಾಲಿಗೆ ಇಳಿಯುತ್ತದೆ, ಸಂಜೆಯೊಳಗೆ ಮೈಯಲ್ಲಿ ಕರಗಿ ಹೋಗುತ್ತದೆ. ಕರೆವ್ವ ಎಡಗಡೆ ಚುಚ್ಚಿದರೆ ಸುಮ್ನೆ ಕೂರುತ್ತಿದ್ದಳು. ಬಲಗಡೆ ಮುಟ್ಟಿದರೆ ಗುರ್ ಅನ್ನುತ್ತಿದ್ದಳು. ಸೂಜಿ ಹಾಕುವ ಮೊದಲು ಕಿವಿಯ ಹಿಂದೆ ತುರಿಸಬೇಕು, ಮುಗಿದ ಮೇಲಲ್ಲ. ಮುಗಿದ ಮೇಲೆ ಮುಟ್ಟಿಸಿಕೊಳ್ಳುತ್ತಿರಲಿಲ್ಲ.

ಇನ್ನೊಂದು ಬೆಕ್ಕು ತರ್ರಿ ಅನ್ನುವವರಿಗೆ ನಾನು ಹೇಳಬೇಕಾದದ್ದು ಇಲ್ಲೇ ಇದೆ. ಎಡಗಡೆ ಚುಚ್ಚಬೇಕು ಅನ್ನುವುದು ಕರೆವ್ವನ ಬಗ್ಗೆ ಮಾತ್ರ ನಿಜ. ಹಾಲಿನ ಕೆನೆ ಮೂಸಿ ಬಿಡುತ್ತಾಳೆ, ಆದರೆ ಜೋಳದ ರೊಟ್ಟಿಯ ಉಬ್ಬಿದ ಪಾಪಡಿ ಕೊಟ್ಟರೆ ಕಡಿಯುತ್ತಾಳೆ. ಹೆಂಚಿನ ಮೇಲೆ ಮಳೆ ಬಿದ್ದರೆ ಒಂದು ಥರ ಕೂಗುತ್ತಾಳೆ, ಹೊರಗೆ ಬೇರೆ ಬೆಕ್ಕು ಬಂದರೆ ಇನ್ನೊಂದು ಥರ. ಇಷ್ಟೆಲ್ಲ ವರ್ಷಗಟ್ಟಲೆ ಕಲಿತದ್ದು. ಅವಳು ಹೋದ ದಿನವೇ ಇದೆಲ್ಲ ಯಾವ ಕೆಲಸಕ್ಕೂ ಬಾರದ್ದಾಯಿತು. ಹೊಸ ಬೆಕ್ಕು ಬಂದರೆ ಮನೆ ತುಂಬೀತು, ನಿಜ. ಆದರೆ ಇದರಲ್ಲಿ ಒಂದಾದರೂ ಅದಕ್ಕೆ ಹೊಂದುತ್ತದಾ? ಇದೆಲ್ಲ ಎಲ್ಲಿ ಇಡಬೇಕು ಅಂತ ಗೊತ್ತಾಗದೇ ನನಗೆ ಅಳು ಬರುತ್ತದೆ.

"ಬೆಕ್ಕು ಮನಿಗೆ ಹೊಂದಿರ್ತದ, ಮಂದಿಗಲ್ಲ" ಅಂತಲೂ ಹೇಳುತ್ತಾರೆ. ನಾಯಿಯಾಗಿದ್ದರೆ ಅತ್ತದ್ದು ಸರಿ, ಬೆಕ್ಕಿಗೆ ಯಾಕೆ ಅನ್ನುವ ಅರ್ಥ. ನಾನು ಇದನ್ನು ಒಪ್ಪುವುದಿಲ್ಲ. ಅಮೆರಿಕದ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯವರು 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೆಕ್ಕಿನ ಮರಿಯನ್ನು ಸಾಕಿದವರ ಜೊತೆ ಹೊಸ ಕೋಣೆಗೆ ಬಿಟ್ಟು, ಅವರನ್ನು ಎರಡು ನಿಮಿಷ ಹೊರಗೆ ಕಳಿಸಿ ಮತ್ತೆ ಒಳಗೆ ಕರೆದರು. 100ಕ್ಕೆ ಸುಮಾರು 64 ಮರಿಗಳು ಅವರು ಬಂದ ಕೂಡಲೇ ನಿರಾಳವಾದವು. ಪುಟ್ಟ ಮಕ್ಕಳಲ್ಲೂ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ಹೊಂದಿಕೊಳ್ಳುವುದು ಮನೆಗೆ ಮಾತ್ರ ಆಗಿದ್ದರೆ ಗೊತ್ತಿಲ್ಲದ ಕೋಣೆಯಲ್ಲಿ ಹೀಗೆ ಆಗುತ್ತಿರಲಿಲ್ಲ ಅಲ್ವಾ?

ಇನ್ನೊಂದು ಮಾತು, ಮರಿ ಕಳಕೊಂಡವರಿಗೆ. ವಾಂತಿ, ಜ್ವರ, ಭೇದಿಯಿಂದ ಎರಡು ಮೂರು ದಿನದಲ್ಲೇ ಮರಿ ಹೋಗಿದ್ದರೆ ಅದು ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ಬೆಕ್ಕುಗಳ ವೈರಸ್ ರೋಗ ಇರಬಹುದು. ಆ ವೈರಸ್ಸು ಮನೆಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಫಿನೈಲ್ ಹಾಕಿ ಒರೆಸಿದರೆ ಹೋಗುತ್ತದೆ ಅಂತ ನಂಬಬೇಡಿ, ಮೇಲಾಗಿ ಫಿನೈಲ್ ಬೆಕ್ಕಿಗೇ ವಿಷ. ನೀರು ಬೆರೆಸಿದ ಬ್ಲೀಚ್ ಬೇಕು. ಅಂಥ ಮನೆಗೆ ಲಸಿಕೆ ಆಗದ ಮರಿಯನ್ನು ಕೂಡಲೇ ತಂದರೆ ಅದೂ ಸಾಯಬಹುದು. ದಯವಿಟ್ಟು ಯಾರಿಗೂ ಅವಸರ ಮಾಡಬೇಡಿ.

"ಹಂಗಾದ್ರ ಇನ್ನ ಬೆಕ್ಕು ಸಾಕೂದ ಇಲ್ಲೇನು?" ಸಾಕುತ್ತೇನೆ. ಆದರೆ ಮರಿ ಬೇಡ, ವಯಸ್ಸಾದದ್ದು ಬೇಕು. ಮರಿ ಅಂದರೆ ಯಾರಾದರೂ ಕೈ ಚಾಚುತ್ತಾರೆ. ವರ್ಗಾವಣೆ ಆದವರು ಬಿಟ್ಟುಹೋದ ಮುದಿ ಬೆಕ್ಕನ್ನು, ಅದೂ ಕರಿ ಬೆಕ್ಕಾದರೆ, ಯಾರೂ ಕರೆಯುವುದಿಲ್ಲ. ಕರೆವ್ವನಿಂದ ಕಲಿತದ್ದರಲ್ಲಿ ಸಲೈನ್ ಹಾಕುವುದೊಂದು ಬೇರೆಯವರಿಗೂ ಆಗುತ್ತದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಬ್ಬರ ಬೆಕ್ಕಿಗೆ ಇದೇ ಕಾಯಿಲೆ. ಅವರಿಗೆ ಸೂಜಿ ಹಿಡಿದರೆ ಕೈ ನಡುಗುತ್ತದಂತೆ. ಉಳಿದ ಬಾಟಲಿಗಳನ್ನೂ ತಗೊಂಡು ಈ ರವಿವಾರ ಅವರ ಮನೆಗೆ ಹೋಗುತ್ತಿದ್ದೇನೆ. ನಮ್ಮ ಮನೆಯ ವಿಚಾರ ಮಳೆಗಾಲ ಕಳೆದ ಮೇಲೆ ನೋಡೋಣ.