ಬಿಸಿಲಲ್ಲಿ ಆ ಒಣ ನದಿಗೆ ಯಾಕೆ ಹೋಗ್ತೀರಿ?

ಹೋಳಿ ಮುಗಿದ ಮೊದಲ ಭಾನುವಾರ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಕುಕಡಿ ನದಿ ದಂಡೆಯ ನಿಘೋಜ್‌ಗೆ ಹೋಗುತ್ತೇವೆ. ಪುಣೆಯ ಕನ್ನಡದ ಗೆಳೆಯರು ಪ್ರತಿ ವರ್ಷ ಕೇಳುತ್ತಾರೆ: "ಲೋನಾವಳ ಇಷ್ಟು ಹತ್ತಿರ ಇದೆ. ಅದನ್ನು ಬಿಟ್ಟು ಮಕ್ಕಳನ್ನು, ವಯಸ್ಸಾದ ಅವ್ವನನ್ನು ಆ ಬೆಂಗಾಡಿಗೆ ಯಾಕೆ ಕರ್ಕೊಂಡು ಹೋಗ್ತೀರಿ?"

ಬೆಂಗಾಡು ಅನ್ನೋದು ನಿಜ. ಸಹ್ಯಾದ್ರಿ ಮಳೆಯನ್ನೆಲ್ಲ ಆ ಕಡೆಯೇ ತಡೆದುಬಿಡುತ್ತದೆ. ಲೋನಾವಳದಲ್ಲಿ ವರ್ಷಕ್ಕೆ 4,000 ಮಿ.ಮೀ. ದಾಟುವ ಮಳೆ. ನಿಘೋಜ್ ಹತ್ತಿರದ ಶಿರೂರಿನ ಕಡೆ ಅದರ ಐದನೇ ಒಂದು ಪಾಲೂ ಬೀಳುವುದಿಲ್ಲ. ಜಾಲಿ ಮರ, ಒಣ ಹುಲ್ಲು, ಕರಿ ಕಲ್ಲು, ಅಷ್ಟೇ. ಆದರೆ ಕುಕಡಿ ನದಿ ಅಲ್ಲಿ ಮಾಡಿರುವ ಕೆಲಸ ನೋಡಬೇಕೆಂದರೆ ನೀರು ಇಳಿದಿರಲೇಬೇಕು. ಮಳೆಗಾಲದಲ್ಲಿ ಹೋದರೆ ಕೆನ್ನೀರೊಂದೇ ಕಾಣುತ್ತದೆ.

ನದಿಯ ಪಾತ್ರದ ತುಂಬ ಕುಳಿಗಳು. ಕೆಲವು ಅಂಗೈಯಗಲ, ಕೆಲವು ಬಾವಿಯಷ್ಟು. ಮರಾಠಿಯಲ್ಲಿ ಇವಕ್ಕೆ ರಾಂಜಣಖಳಗೆ ಅನ್ನುತ್ತಾರೆ. ರಾಂಜಣ ಅಂದರೆ ನಮ್ಮ ಹರವಿ, ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ಪ್ರವಾಹ ಬಂದಾಗ ಬಿರುಕಿನಲ್ಲಿ ಸಿಕ್ಕಿಕೊಂಡ ಬೆಣಚುಗಲ್ಲು ಸುಳಿಯಲ್ಲಿ ಗರಗರ ತಿರುಗಿ ಬಂಡೆಯನ್ನು ಕೊರೆಯುತ್ತದೆ. ಬಂಡೆ ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಬತ್ತಿದ ಕುಳಿಗೆ ಕೈ ಹಾಕಿದರೆ ತಳದಲ್ಲಿ ಆ ಕಲ್ಲುಗಳೇ ಸಿಗುತ್ತವೆ, ಗೋಲಿಯಷ್ಟು ನುಣ್ಣಗೆ. ಕೊರೆದ ಉಳಿಯೇ ಕೈಯಲ್ಲಿ ಬಂದ ಹಾಗೆ! ನನ್ನ ಮಗಳು ಪ್ರತಿ ವರ್ಷ ಒಂದೊಂದನ್ನು ಎತ್ತಿ ನೋಡಿ, ಮತ್ತೆ ಅದೇ ಕುಳಿಗೆ ಹಾಕುತ್ತಾಳೆ. ಅದರ ಕೆಲಸ ಇನ್ನೂ ಮುಗಿದಿಲ್ಲ ಅಲ್ವಾ?

ಮೊದಲ ಸಲ ನಾವು ತಪ್ಪು ಮಾಡಿದೆವು. ಹತ್ತು ಗಂಟೆಗೆ ಮನೆ ಬಿಟ್ಟು ಉರಿಬಿಸಿಲಲ್ಲಿ ಬಂಡೆ ಮೇಲೆ ಇಳಿದೆವು. ಎಲ್ಲೂ ನೆರಳಿಲ್ಲ, ಅವ್ವನಿಗೆ ತಲೆ ಸುತ್ತಿತು. ಆ ಹೆದರಿಕೆ ಇನ್ನೂ ಮರೆತಿಲ್ಲ. ಈಗ ಐದಕ್ಕೆಲ್ಲ ಹೊರಟು ಹತ್ತಕ್ಕೆ ನಡಿಗೆ ಮುಗಿಸುತ್ತೇವೆ. ಇನ್ನೊಂದು ಮಾತು: ಕುಳಿಗಳ ನೀರಿಗೆ ಯಾರೂ ಇಳಿಯಬೇಡಿ. ಅಂಚು ಜಾರುತ್ತದೆ, ಆಳ ಮೇಲಿಂದ ಗೊತ್ತಾಗುವುದಿಲ್ಲ. ಮಕ್ಕಳ ಕೈ ಬಿಡಲೇಬೇಡಿ.

ಆಮೇಲೆ ಮರ ಹುಡುಕಿಕೊಂಡು ಬುತ್ತಿ ಬಿಚ್ಚುವುದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಗಟ್ಟಿ ಮೊಸರು. ಅವ್ವ ಅದಕ್ಕೂ ಮೊದಲು ನದಿಯ ನೀರನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ನಮ್ಮದು ಅಫಜಲಪುರದ ಕಡೆ ಹಳ್ಳಿ, ಗಾಣಗಾಪುರದ ಹತ್ತಿರ. ಕುಕಡಿ ಘೋಡ್ ನದಿಗೆ ಸೇರುತ್ತದೆ, ಘೋಡ್ ಭೀಮೆಗೆ. ಅದೇ ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ ನಮ್ಮೂರ ಮುಂದೆ ಹರಿಯುತ್ತದೆ. ಇಪ್ಪತ್ತು ವರ್ಷದಿಂದ ಪುಣೆಯಲ್ಲಿದ್ದೇವೆ. ಲೋನಾವಳದಲ್ಲಿ ಅವ್ವ ಫೋಟೋಕ್ಕೆ ನಿಲ್ಲುತ್ತಾಳೆ. ಇಲ್ಲಿ ಮಾತ್ರ ತಾನಾಗಿಯೇ ಊರಿನ ಮಾತು ತೆಗೆಯುತ್ತಾಳೆ.

ಹೋದ ಸಲ ಮಗಳು ಮುತ್ತುಗದ ಹೂವೊಂದನ್ನು ನೀರಿಗೆ ಬಿಟ್ಟಳು. "ಅಜ್ಜಿ, ಇದು ನಿಮ್ಮೂರಿಗೆ ಹೋಗುತ್ತಾ?"

"ಈಗ ಇಲ್ಲವ್ವ," ಅಂದಳು ಅವ್ವ. "ಉಜನಿಯ ಬಾಗಿಲು ತೆಗೀಬೇಕು."