ಟೊಮೆಟೊ ಇನ್ನೂ ಕಾಯೇ

ಇಂಗ್ಲೆಂಡಿನಲ್ಲಿ ಆಗಸ್ಟ್ ಮುಗಿಯುತ್ತಾ ಬಂತು. ಹಿತ್ತಲಿನ ಗಾಜಿನಮನೆಯಲ್ಲಿ ಟೊಮೆಟೊ ಗೊಂಚಲು ಗೊಂಚಲಾಗಿ ಜೋತಾಡುತ್ತಿದೆ, ಒಂದೂ ಕೆಂಪಗಾಗಿಲ್ಲ. ಕೆಳಗಿನ ಗೊಂಚಲಿನ ಒಂದು ಕಾಯಿಯ ತಳ ಮಾತ್ರ ಸ್ವಲ್ಪ ಬಿಳಿಚಿಕೊಂಡಿದೆ, ಹಳದಿಗೆ ತಿರುಗುವ ಲಕ್ಷಣ. ಬಿಸಿಲು ಬೀಳಲಿ ಅಂತ ಎಲೆಯೆಲ್ಲ ಕಿತ್ತುಹಾಕುವವರಿದ್ದಾರೆ. ನಿಜವಾಗಿ ಹಣ್ಣಾಗಲು ಬಿಸಿಲಿಗಿಂತ ಬೆಚ್ಚಗಿರುವುದು ಮುಖ್ಯ, 20ರಿಂದ 25 ಡಿಗ್ರಿ ಇದ್ದರೆ ಚೆನ್ನ. 30 ದಾಟಿದರೆ ಕೆಂಪು ಬಣ್ಣವೇ ಸರಿಯಾಗಿ ಬರುವುದಿಲ್ಲ. ಗಿಡಕ್ಕೂ ಎಷ್ಟು ನಖರಾ ನೋಡಿ!

ಕೋಲಾರದ ಕಡೆ ರೇಟು ಬಿದ್ದಾಗ ಹಣ್ಣನ್ನು ರಸ್ತೆಗೆ ಸುರಿಯುವುದನ್ನು ನೋಡಿದವಳು ನಾನು. ಇಲ್ಲಿ ಒಂದು ಹಣ್ಣಿಗೆ ದಿನಾ ಬಾಗಿಲು ತೆಗೆದು ಬಗ್ಗಿ ನೋಡುತ್ತೇನೆ. ಸುಮ್ನೆ ನಗು ಬರುತ್ತದೆ.

ಅಮ್ಮ ಫೋನಿನಲ್ಲಿ, "ಕಾಯಲ್ಲೇ ಚಟ್ನಿ ಮಾಡ್ಕೊಳ್ಳೇ, ರೊಟ್ಟಿಗೆ ಚೆನ್ನಾಗಿರುತ್ತೆ" ಅಂದರು. ನಾಲ್ಕು ಕಿತ್ತೇಬಿಟ್ಟೆ.