ಫಿಸಿಕ್ಸ್ ಸರ್, ಒಂದು ರೇಡಿಯೋ, ಆಕಾಶದ ಧೂಳು

ಚಿತ್ರದುರ್ಗದಲ್ಲಿ ಓದಿದವರಿಗೆ ಧೂಳು ಅಂದರೇನು ಅಂತ ಬೇರೆ ಹೇಳಬೇಕಾ? ಬೇಸಿಗೆ ಗಾಳಿ ಬೀಸಿತೆಂದರೆ ಹಾಸ್ಟೆಲ್ಲಿನ ಮಂಚ, ಪುಸ್ತಕ, ತಟ್ಟೆ ಎಲ್ಲದರ ಮೇಲೂ ಕೆಂಪು ಪುಡಿ. ಹಾಗಾಗಿ ನಮ್ಮ ಫಿಸಿಕ್ಸ್ ಸರ್ "80–90 ಕಿಲೋಮೀಟರ್ ಮೇಲೂ ಧೂಳಿದೆ ಕಣ್ರೋ" ಎಂದಾಗ ಇಡೀ ಕ್ಲಾಸು ನಕ್ಕಿತು.

ಸರ್ ಹೇಳಿದ್ದು ಉಲ್ಕೆಗಳ ಧೂಳು. ಉಲ್ಕೆ ಉರಿದು ಆವಿಯಾಗುತ್ತದೆ, ಆ ಆವಿ ತಣಿದು ಮತ್ತೆ ಸಣ್ಣ ಸಣ್ಣ ಕಣವಾಗುತ್ತದೆ. ಧ್ರುವದ ಕಡೆ ಬೇಸಿಗೆಯಲ್ಲಿ ಆ ಎತ್ತರದಲ್ಲಿ ಉಷ್ಣತೆ ಮೈನಸ್ 130 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಹೌದು, ಬೇಸಿಗೆಯಲ್ಲೇ ಅಲ್ಲಿ ಚಳಿ ಜಾಸ್ತಿ. ಆಗ ಕಣಗಳ ಮೇಲೆ ಹಿಮ ಕಟ್ಟುತ್ತದೆ, ಎಲೆಕ್ಟ್ರಾನುಗಳು ಬಂದು ಅಂಟುತ್ತವೆ. ಧೂಳಿಗೆ ಚಾರ್ಜ್ ಬಂತು.

ಬಲೂನು ಅಷ್ಟು ಮೇಲೆ ಏರದು, ಉಪಗ್ರಹ ಅಷ್ಟು ಕೆಳಗೆ ಸುತ್ತದು. ರಾಕೆಟ್ ಬಿಟ್ಟರೆ ಕ್ಷಣದಲ್ಲಿ ದಾಟಿ ಹೋಗುತ್ತದೆ. ದಿನವಿಡೀ ನೋಡುತ್ತಿರಬೇಕೆಂದರೆ ರೇಡಿಯೋ ಅಲೆಯೇ ಗತಿ.

ಲ್ಯಾಬಿನ ಕಪಾಟಿನಲ್ಲಿ ಸರ್ ಒಂದು ಹಳೇ ಟ್ರಾನ್ಸಿಸ್ಟರ್ ಇಟ್ಟಿದ್ದರು. ಚರ್ಮದ ಕವರು, ಮುರಿದ ಏರಿಯಲ್‌ಗೆ ತಾಮ್ರದ ತಂತಿ. ಹಗಲು ಮೀಡಿಯಂ ವೇವ್‌ನಲ್ಲಿ ಭದ್ರಾವತಿ ಆಕಾಶವಾಣಿ ಬರುತ್ತಿತ್ತು. ಕತ್ತಲಾದರೆ ಮುಳ್ಳು ತಿರುಗಿಸಿದಲ್ಲೆಲ್ಲ ಎಲ್ಲೆಲ್ಲಿಯದೋ ಭಾಷೆ. ಹಗಲು ಅಲೆಗಳನ್ನು ನುಂಗುವ ಎಲೆಕ್ಟ್ರಾನುಗಳ ಪದರ ರಾತ್ರಿ ಕರಗುತ್ತದೆ, ಅದಕ್ಕೇ ದೂರದ ಸ್ಟೇಷನ್ ಸಿಗುತ್ತದೆ. ಆ ಪದರ ಇರುವುದೂ ಹೆಚ್ಚುಕಮ್ಮಿ ಈ ಧೂಳಿನ ಎತ್ತರದಲ್ಲೇ.

1980ರ ಸುಮಾರಿಗೆ ಅಲಾಸ್ಕಾದ ಪೋಕರ್ ಫ್ಲಾಟ್‌ನ 50 ಮೆಗಾಹರ್ಟ್ಸ್ ರೇಡಾರಿಗೆ ಆ ಎತ್ತರದಿಂದ ಬಲವಾದ ಪ್ರತಿಧ್ವನಿ ಸಿಕ್ಕಿತು. ಅದರ ಅಲೆ 6 ಮೀಟರ್ ಉದ್ದ. ಅದು ತಿರುಗಿ ಬರಬೇಕಾದರೆ ಎಲೆಕ್ಟ್ರಾನುಗಳ ಸಾಂದ್ರತೆಯಲ್ಲಿ 3 ಮೀಟರಿಗೊಮ್ಮೆ ಏರಿಳಿತ ಇರಬೇಕು. ಹಗುರವಾದ ಎಲೆಕ್ಟ್ರಾನುಗಳು ಸುಮ್ನೆ ಬಿಟ್ಟರೆ ಚದುರಿ ಸಮವಾಗಿಬಿಡುತ್ತವೆ. ಭಾರದ, ಚಾರ್ಜ್ ಆದ ಧೂಳು ಆ ಏರಿಳಿತವನ್ನು ಹಿಡಿದಿಡುತ್ತದೆ. ರೇಡಾರಿಗೆ ಕಾಣುವುದು ಎಲೆಕ್ಟ್ರಾನು, ಧೂಳನ್ನು ನಾವು ಊಹಿಸಬೇಕು.

ಊಹೆ ಸರಿಯಾ? ನಾರ್ವೆಯ ಟ್ರಾಮ್ಸೊದ ಪ್ರಯೋಗವನ್ನು ಸರ್ ಬೋರ್ಡಿನ ಮೇಲೆ ಬಿಡಿಸಿದ್ದು ಕಣ್ಣಿಗೆ ಕಟ್ಟಿದೆ. ನೇರ ಗೆರೆ ಎಳೆದರು: ಪ್ರತಿಧ್ವನಿಯ ಬಲ. ಶಕ್ತಿಶಾಲಿ ಶಾರ್ಟ್ ವೇವ್ ಟ್ರಾನ್ಸ್‌ಮಿಟರಿನಿಂದ ಆ ಎತ್ತರದ ಎಲೆಕ್ಟ್ರಾನುಗಳನ್ನು 20 ಸೆಕೆಂಡ್ ಕಾಯಿಸುತ್ತಾರೆ. ಬಿಸಿಯಾದ ಎಲೆಕ್ಟ್ರಾನುಗಳು ಬೇಗ ಚದುರುತ್ತವೆ, ಗೆರೆ ದಬಕ್ಕನೆ ಬಿತ್ತು. ಅಷ್ಟರಲ್ಲಿ ಬಿಸಿ ಎಲೆಕ್ಟ್ರಾನುಗಳು ಧೂಳಿಗೆ ಇನ್ನೂ ಜಾಸ್ತಿ ಅಂಟಿರುತ್ತವೆ. ಟ್ರಾನ್ಸ್‌ಮಿಟರ್ ಆರಿಸಿದರೆ? "ಮೊದಲಿನ ಮಟ್ಟಕ್ಕೆ ಬರುತ್ತೆ ಸರ್" ಅಂದೆವು. ಚಾಕ್ ಮೊದಲ ಗೆರೆಯನ್ನೂ ದಾಟಿ ಮೇಲೆ ಹೋಯಿತು! ಎಲೆಕ್ಟ್ರಾನುಗಳು ತಕ್ಷಣ ತಣ್ಣಗಾಗುತ್ತವೆ, ಧೂಳಿನ ಹೆಚ್ಚುವರಿ ಚಾರ್ಜ್ ಮಾತ್ರ ನಿಧಾನವಾಗಿ ಇಳಿಯುತ್ತದೆ. ಈ ಜಿಗಿತ ವರದಿಯಾಗಿದ್ದು 2003ರಲ್ಲಿ. ಜಿಗಿತದ ಆಕಾರ ನೋಡಿ ಕಣಗಳ ಗಾತ್ರ, ಚಾರ್ಜ್ ಅಂದಾಜು ಮಾಡಬಹುದು. ನನಗಂತೂ ಇಡೀ ಪಠ್ಯಕ್ಕಿಂತ ಆ ಒಂದು ಗೆರೆಯೇ ಇಷ್ಟವಾಯಿತು.

ಈಗ ಓದುತ್ತಿರುವವರಿಗೆ ಒಂದು ಮಾತು. ಧ್ರುವದ ಈ ಪ್ರತಿಧ್ವನಿ ನಮ್ಮ ಕಡೆ ಸಿಗುವುದಿಲ್ಲ, ಅಷ್ಟು ಚಳಿ ಇಲ್ಲಿಲ್ಲ. ಆದರೆ ತಿರುಪತಿ ಹತ್ತಿರ ಗಾದಂಕಿಯಲ್ಲಿ 53 ಮೆಗಾಹರ್ಟ್ಸ್ ರೇಡಾರ್ ಇದೆ. ಅದೂ ಆ ಎತ್ತರದ ಗಾಳಿಯನ್ನೇ ಗಮನಿಸುತ್ತದೆ. ಆಂಟೆನಾಗಳೇ 1024. ಹೇಗೂ ಪ್ರತಿವರ್ಷ ಟೂರ್ ಬಸ್ಸು ತಿರುಪತಿಗೇ ಹೋಗುತ್ತದೆ ಅಲ್ವಾ? ಮೊದಲೇ ಪತ್ರ ಬರೆದು ಒಪ್ಪಿಗೆ ಕೇಳಿ ನೋಡಿ.